ಗಿಡ್ಡ ಸ್ಟ್ಯಾಂಡು

ಕಲಬುರಗಿ,
ಮಾರ್ಗಶಿರ ಶುದ್ಧ ಪಂಚಮಿ, ಇಸವಿ ೧೯೨೮

ಪ್ರೀತಿಯ ಮಗ ಖಂಡೆಪ್ಪನಿಗೆ ನಿನ್ನ ತಾಯಿಯ ಆಶೀರ್ವಾದ.

ಮೊದಲು ನಿನ್ನ ಮೈ ಹೇಗಿದೆ ಹೇಳು. ಕಾರವಾರದ ಅನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಜೋಳದ ರೊಟ್ಟಿ ತಿಂದು ಬೆಳೆದವನು, ಎಷ್ಟು ಅನ್ನ ಉಂಡರೂ ಹಸಿವೆ ಹಸಿವೆ ಅನ್ನುತ್ತೀ ಎಂದು ನನಗೆ ಗೊತ್ತು. ದಿನವೆಲ್ಲ ಒದ್ದೆ ಮರಳಿನ ಮೇಲೆ ಬೋರಲು ಮಲಗುತ್ತೇನೆಂದು ಬರೆದಿದ್ದೀಯಲ್ಲ, ಎದೆಗೆ ಥಂಡಿ ಹಿಡಿದೀತು. ಎದ್ದ ಕೂಡಲೇ ಒಣ ಅಂಗಿ ಹಾಕಿಕೊ. ಆ ಮುಂಬಯಿ ಪ್ರೊಫೆಸರರಿಗೆ ತಮ್ಮ ಹಕ್ಕಿ ಪುಸ್ತಕದ ಚಿಂತೆ, ನನಗೆ ನಿನ್ನ ಎದೆಯ ಚಿಂತೆ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅಪ್ಪನ ಕೆಮ್ಮು ಮಾತ್ರ ಇಳಿದಿಲ್ಲ.

ನಿನ್ನ ಕಾಗದದ ಮೊದಲ ಸಾಲು ಓದಿ ಗಾಬರಿಯಾದೆ. ‘ಅಪ್ಪನ ಗಿಡ್ಡ ಸ್ಟ್ಯಾಂಡು ಕೂಡಲೇ ಬೇಕು’ ಎಂದು ಬರೆದರೆ ತಾಯಿಗೆ ಏನಾಗಬೇಕು? ಕ್ಯಾಮೆರಾದ ಆ ಸ್ಟ್ಯಾಂಡು ನಮ್ಮ ಮನೆಯಿಂದ ಯಾವಾಗ ಹೊರಗೆ ಹೋಗುತ್ತದೆಂದು ನಿನಗೆ ಗೊತ್ತಿಲ್ಲವೇ? ಯಾರದಾದರೂ ಮನೆಯಲ್ಲಿ ಹಿರಿಯರು ಲಿಂಗೈಕ್ಯರಾಗಿ, ಅವರಿಗೆ ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಕಡೆಯ ಫೋಟೋಕ್ಕೆಂದು ಕರೆ ಬಂದಾಗ ಮಾತ್ರ. ಅಲ್ಲಿ ಯಾರು ಹೋದರಪ್ಪಾ ಎಂದು ಒಲೆಯ ಮುಂದೆಯೇ ಕುಳಿತುಬಿಟ್ಟೆ. ಮುಂದೆ ಓದಿದರೆ ಅದು ಸಮುದ್ರದ ದಂಡೆಯ ಹಕ್ಕಿಗಳಿಗಂತೆ. ಸಿಟ್ಟೂ ಬಂತು, ನಗುವೂ ಬಂತು.

ನಿನ್ನ ಅಪ್ಪ ನಗಲಿಲ್ಲ. ಕಾಗದವನ್ನು ಮತ್ತೆ ಮತ್ತೆ ಓದಿಸಿಕೊಂಡರು. ಎತ್ತರದ ಸ್ಟ್ಯಾಂಡಿನಿಂದ ತೆಗೆದರೆ ಮಾಳಿಗೆಯಿಂದ ಬಗ್ಗಿ ನೋಡಿದಂತೆ ಹಕ್ಕಿಯ ಬೆನ್ನಷ್ಟೇ ಬರುತ್ತದೆ ಎಂದು ಬರೆದಿದ್ದೆಯಲ್ಲ, ಅದಕ್ಕೆ ತಲೆದೂಗಿದರು. “ಕುಂತವರನ್ನ ನಿಂತು ತೆಗೀಬಾರದು. ರುಮಾಲು ಬರತದ, ಮಾರಿ ಬರಂಗಿಲ್ಲ. ಹಕ್ಕಿಗೂ ಅದೇ ಮಾತು” ಅಂದರು. ಆದರೆ ಗಿಡ್ಡ ಸ್ಟ್ಯಾಂಡು ಕುಳಿತ ಮನುಷ್ಯನ ಎದೆಮಟ್ಟದ್ದು, ನಿನ್ನ ಹಕ್ಕಿ ಗೇಣುದ್ದದ್ದು. ಪರೀಕ್ಷೆ ಮಾಡದೆ ಕಳಿಸುವುದಿಲ್ಲ ಎಂದು ಹಟ ಹಿಡಿದು, ಡಾಕ್ಟರು ಬೇಡವೆಂದರೂ ಕೇಳದೆ, ಬಂಡಿ ಕಟ್ಟಿಸಿಕೊಂಡು ಕಮಲಾಪುರಕ್ಕೆ ಹೊರಟರು, ನಾನೂ ಜೊತೆಗೆ ಹೋದೆ. ನನ್ನ ತವರೂರ ಕೆರೆಯಂಚಿಗೆ ಚಳಿಗಾಲದಲ್ಲಿ ಸಣ್ಣ ಹಕ್ಕಿಗಳು ಕೆಸರು ಕೆದಕಲು ಬರುತ್ತವೆಂದು ಅವರಿಗೆ ನೆನಪಿತ್ತು. ಅಳಿಯ ಬಂದನೆಂದು ಅಲ್ಲಿ ಕೆಂಪು ಬಾಳೆಹಣ್ಣಿನ ಗೊನೆ ಇಳಿಸಿದರೆ, ಇವರು ಅದನ್ನು ಕಣ್ಣೆತ್ತಿ ನೋಡದೆ ಕೆರೆಗೆ ನಡೆದರು.

ಕ್ಯಾಮೆರಾ ನಿನ್ನ ಹತ್ತಿರ ಇದೆಯಲ್ಲ, ಅದಕ್ಕೆ ಒಂದು ಪೆಟ್ಟಿಗೆಗೆ ಇಟ್ಟಿಗೆ ತುಂಬಿ ಅದೇ ತೂಕ ಮಾಡಿಕೊಂಡಿದ್ದರು. ಗಿಡ್ಡ ಸ್ಟ್ಯಾಂಡಿನ ಕಾಲು ಕೆಸರಿನಲ್ಲಿ ಒಂದು ಕಡೆ ಇಳಿದು ಪೆಟ್ಟಿಗೆ ವಾಲಿತು. ಪೆಟ್ಟಿಗೆಯನ್ನು ಉಸುಕಿನ ಚೀಲದ ಮೇಲೆ ಇಟ್ಟರೆ ಅಲುಗಾಡದೆ ಕೂತಿತು. ಆದರೆ ಚೀಲ ನೀರು ಕುಡಿದು ಭಾರವಾಗಿ, ಜರುಗಿಸಲು ಎದ್ದಾಗಲೆಲ್ಲ ಹಕ್ಕಿ ಹಾರಿಹೋಯಿತು. ಆಗ ಮನೆಗೆ ಬಂದು, ನನ್ನ ಅತ್ತಿಗೆ ಸೂಗಮ್ಮ ರೊಟ್ಟಿ ಹಿಟ್ಟು ನಾದುತ್ತಿದ್ದ ಕಟ್ಟಿಗೆಯ ಕೊಣಮಿಗೆಯನ್ನೇ ಎತ್ತಿಕೊಂಡು ಹೋದರು. ಹಿಟ್ಟಿನ ಕೈಯಲ್ಲೇ ಅವಳು ಬಾಗಿಲಿಗೆ ಬಂದು ನಿಂತಳು. ಅಗಲ ತಳ, ಸುತ್ತ ಅಂಚು, ಒಳಗೆ ಕೆಸರು ಬರುವುದಿಲ್ಲ. ಬೆರಳಿನಿಂದ ನೂಕಿದರೆ ಸದ್ದಿಲ್ಲದೆ ಜಾರುತ್ತದೆ.

ಅದರ ಹಿಂದೆ ಅವರೂ ಬೋರಲು ಮಲಗಿ, ಗದ್ದ ಕೆಸರಿಗೆ ಹಚ್ಚಿ, ಪೆಟ್ಟಿಗೆಯ ಪಕ್ಕದಿಂದ ನೋಡಿದರು. ನಾನು ಕಂಬಳಿ ಹಿಡಿದು ಏರಿಯ ಮೇಲೆ ನಿಂತಿದ್ದೆ. ಒಂದು ಹಕ್ಕಿ ತೀರ ಹತ್ತಿರ ಬಂತು. “ಇಷ್ಟು ವರ್ಷ ಕಣ್ಣು ಮುಚ್ಚಿದವರ ಎದುರಿಗೇ ಕುಂತೆ. ಇದು ನನ್ನ ನೋಡಾಕತ್ತದ” ಅಂದರು. ಆಮೇಲೆ ತಾವಾಗಿ ಏಳಲಾಗಲಿಲ್ಲ. ನಾನೂ ನಿನ್ನ ಮಾವನೂ ಎತ್ತಿದೆವು. ಅವರ ಮೈಯಲ್ಲಿ ತೂಕವೇ ಇರಲಿಲ್ಲ ಮಗಾ, ನನಗೆ ಅಳು ತಡೆಯಲಾಗಲಿಲ್ಲ.

ಊರಿಗೆ ಮರಳಿ, ಗಿಡ್ಡ ಸ್ಟ್ಯಾಂಡಿನ ಹಿತ್ತಾಳೆಯ ತಲೆ ಬಿಚ್ಚಿ ಕೊಣಮಿಗೆಗೆ ಕೂರಿಸಲು ಮೋಮಿನಪುರದ ಬಡಗಿ ಅಲ್ಲಾವುದ್ದೀನರನ್ನು ಕರೆಸಿದರು. ಅವರು ಉಳಿ ಕೆಳಗಿಟ್ಟು, “ಉಸ್ತಾದ್, ಇದರ ತಲಿ ತೆಗದ್ರ ಸ್ಟ್ಯಾಂಡು ಖತಂ. ಮುಂದ ಮಂದಿ ಕರದ್ರ ಏನ್ ಮಾಡ್ತೀರಿ?” ಎಂದು ಕೇಳಿದರು. “ಕುಂತವರ ಫೋಟೋ ಸಾಕಾತು. ಜೀವ ಇದ್ದದ್ದು ನನ್ನ ಮಗ ತೆಗೀಲಿ” ಅಂದರು ನಿನ್ನ ಅಪ್ಪ. ನಾನು ಒಳಗೆ ಗಾಜಿನ ಪ್ಲೇಟು ತೊಳೆಯುತ್ತಿದ್ದೆ. ಅವರ ಸರದಿ ಬಂದಾಗ ಯಾವ ಸ್ಟ್ಯಾಂಡು, ಯಾರು ತೆಗೆಯುವವರು ಎಂದು ಕೇಳಬೇಕೆನಿಸಿತು, ತೊಳೆದ ಪ್ಲೇಟನ್ನೇ ಮತ್ತೆ ತೊಳೆದೆ. ಇಡೀ ಊರಿನ ಮುಖಗಳು ನಮ್ಮ ಕಪಾಟಿನಲ್ಲಿವೆ, ಅವರದೊಂದು ಇಲ್ಲ. ಯಾವಾಗಲೂ ಕರಿ ಬಟ್ಟೆಯ ಹಿಂದೆಯೇ ಇದ್ದರಲ್ಲ.

ಈಗ ಅವರು ಹೇಳಿದ್ದನ್ನು ಬರೆಯುತ್ತೇನೆ. ಕೊಣಮಿಗೆಯ ತಳಕ್ಕೆ ಕುಸುಬಿ ಎಣ್ಣೆ ತಿಕ್ಕುತ್ತಿರು, ಉಪ್ಪುನೀರು ಹೀರಬಾರದು. ಕ್ಯಾಮೆರಾ ಬಿಗಿಯುವ ಹಿತ್ತಾಳೆ ಸ್ಕ್ರೂ ಇದೊಂದೇ. ಎತ್ತರದ ಸ್ಟ್ಯಾಂಡಿನದು ಅದಕ್ಕೇ ಬೆಸೆದದ್ದು, ಬಿಚ್ಚಿ ಬರುವುದಿಲ್ಲ, ಪೇಟೆಯದು ಯಾವುದೂ ಕೂಡುವುದಿಲ್ಲ. ಅದು ಕಳೆದರೆ ಕೊಣಮಿಗೆಯಲ್ಲಿ ಹಿಟ್ಟು ನಾದಿಕೊಂಡಿರು ಅಂದಿದ್ದಾರೆ. ಮತ್ತೆ, “ಮಾಘ ಕಳೆದ್ರ ಹಕ್ಕಿ ಹೋಗತಾವ, ಮಗನ್ನ ಊರಿಗೆ ಕರೀಬ್ಯಾಡ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಶರಣಬಸವೇಶ್ವರ ನಿನ್ನ ಬೆನ್ನಿಗಿರಲಿ. ಪ್ರೊಫೆಸರರಿಗೆ ನಮ್ಮ ಶರಣು ಹೇಳು.

ನಿನ್ನ ಅಮ್ಮ,
ನೀಲಗಂಗಮ್ಮ

ತಾ.ಕ.: ನಿನ್ನ ಅಪ್ಪ ಹೊರಗೆ ಬಿಸಿಲಿಗೆ ಕುಳಿತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಪಥ್ಯ ಸಾಕ್ರೀ, ಇನ್ನ ಅವರು ಏನ್ ಬೇಡತಾರ ಅದನ್ನ ಕೊಡ್ರಿ” ಅಂದರು. ಕೊಣಮಿಗೆಯ ಪಾರ್ಸಲನ್ನು ಅವರ ಕಣ್ಣೆದುರೇ ಹೊಲಿದೆ, ಆದರೆ ಸ್ಕ್ರೂ ಹಾಕಿಲ್ಲ. ಅದು ನನ್ನ ಸೆರಗಿನ ಗಂಟಿನಲ್ಲಿದೆ. ಕ್ಯಾಮೆರಾ, ಕೊಣಮಿಗೆ ಎರಡನ್ನೂ ತೆಗೆದುಕೊಂಡು ಹೊರಟು ಬಾ. ಅವರು ನೆಲದ ಮೇಲೆ ಕುಳಿತು ನಿನ್ನನ್ನು ನೋಡುತ್ತಿರುವಾಗ, ನೀನು ಎದುರಿಗೆ ಮಲಗಿ ಒಂದು ಫೋಟೋ ತೆಗೆ. ಹಕ್ಕಿಗಳು ಮುಂದಿನ ಚಳಿಗಾಲಕ್ಕೂ ಬರುತ್ತವೆ.