ಒರಗಲೊಂದು ಗೋಡೆ

ಹಂಗಳದ ರಸ್ತೆಬದಿಯ ಬಿಡಾರ,
ಗುಂಡ್ಲುಪೇಟೆ.
ಆಷಾಢ ಶುದ್ಧ ಪಂಚಮಿ, ಬುಧವಾರ ಬೆಳಗ್ಗೆ

ಹರವೆಯಲ್ಲಿರುವ ಚಿರಂಜೀವಿ ಮಲ್ಲಿಕಾರ್ಜುನಸ್ವಾಮಿಗೆ ನಿನ್ನ ಭಾವ ಚಿಕ್ಕಬಸವಯ್ಯನ ಆಶೀರ್ವಾದಗಳು.

ಇತ್ತ ಕ್ಷೇಮವೆಂದು ಆರಂಭಿಸುವುದು ಪತ್ರದ ಧರ್ಮ. ಈ ಸಲ ಅದನ್ನು ಪಾಲಿಸಲಾರೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲವಾದ್ದರಿಂದ ಹಾಲಿನ ಮೂಗಯ್ಯನ ಕೈಯಲ್ಲಿ ಈ ಕಾಗದವನ್ನು ಕೊಟ್ಟಿದ್ದೇನೆ. ಕ್ಯಾನುಗಳನ್ನು ಇಳಿಸಿ ಬೈಕಿನಲ್ಲಿ ನೇರ ನಿನ್ನ ಮನೆಗೇ ಬರುತ್ತಾನೆ. ಸಿಟ್ಟಿನಲ್ಲಿ ಹರಿಯದೆ ಕಡೆಯವರೆಗೂ ಓದು. ನಾನು ಬೇಡುವುದು ಒಂದು ಗಾಡಿ, ಮತ್ತು ನಿನ್ನ ಹೊಲದ ಮೂಲೆಯಲ್ಲಿ, ನಿನ್ನ ತಾಯಿಯ ಸಮಾಧಿಯ ಪಕ್ಕದಲ್ಲಿ, ನಿನ್ನಕ್ಕ ಗುರುಮಲ್ಲಮ್ಮನಿಗೆ ಸ್ವಲ್ಪ ನೆಲ.

ರಸ್ತೆ ಅಗಲವಾಗಬೇಕೆಂದು ನಮ್ಮ ಸಾಲಿನ ಮನೆಗಳನ್ನು ಕೆಡವಿದ ಮೇಲೆ, ಬದಲಿ ನಿವೇಶನ ದೊರೆಯುವವರೆಗೆ ಎಂದು ಈ ನೀಲಿ ಟಾರ್ಪಾಲುಗಳ ಕೆಳಗೆ ಕುಳಿತೆವು. ಕಾರ್ತಿಕದಲ್ಲಿ ಬಂದವರು ಆಷಾಢದಲ್ಲೂ ಇಲ್ಲಿಯೇ ಇದ್ದೇವೆ. ಊಟಿಗೆ ಹೋಗುವ ಕಾರಿನವರು ಇಳಿದು ನಮ್ಮ ಚಿತ್ರ ತೆಗೆದುಕೊಳ್ಳುತ್ತಾರೆ. ಕೇರಳಕ್ಕೆ ತರಕಾರಿ ಒಯ್ಯುವ ಲಾರಿಗಳು ಹಾದುಹೋದಾಗಲೆಲ್ಲ ಟಾರ್ಪಾಲು ಉಬ್ಬಿ, ಮತ್ತೆ ನಮ್ಮ ತಲೆಯ ಮೇಲೆ ಇಳಿಯುತ್ತದೆ. ಮನೆಯೆಂಬುದು ಮಾಯೆಯೆಂದು ಮಠದಲ್ಲಿ ಶ್ರಾವಣ ಶ್ರಾವಣಕ್ಕೂ ಪುರಾಣ ಹೇಳಿದವನು ನಾನು. ಹಾಗೆ ಹೇಳುವಾಗ ನನ್ನ ಬೆನ್ನಿಗೆ ಮಠದ ಕಂಬವಿತ್ತು.

ಯುಗಾದಿಗೆ ಮುಂಚೆ ನೀನು ಟೆಂಪೋ ತಂದೆ. "ನಾಯಿನೂ ಮಳೆ ಬಂದ್ರೆ ಜಗಲಿ ಉಡುಕ್ತದೆ ಅಕ್ಕ, ಎದ್ದೇಳು ಓಗನ" ಎಂದು ಕೈ ಹಿಡಿದೆಳೆದೆ. ಅವಳು ಏಳಲಿಲ್ಲ. "ಎಣಿಸೋರು ಬಂದಾಗ ಟೆಂಟು ಖಾಲಿ ಇದ್ರೆ ಸೈಟು ಓಯ್ತದೆ ಕಣ್ಲಾ" ಎಂದಳು. "ಹಂಗಾರೆ ಇಲ್ಲೇ ಸಾಯಿ, ನಾನಂತೂ ತಿರುಗಿ ಬರಾಕಿಲ್ಲ" ಎಂದು ನೀನು ಗಾಡಿ ತಿರುಗಿಸಿದೆ. ನೀನು ಹೋದ ಮೇಲೆ ಅವಳು ನಕ್ಕದ್ದನ್ನು ನೀನು ಕಾಣಲಿಲ್ಲ. "ನಮ್ಮವ್ವನ ಕ್ವಾಪ ಎಲ್ಲ ಇವನಿಗೇ ಬಂದದೆ ನೋಡಿ" ಎಂದಳು. ಹಗ್ಗದ ಮೇಲೆ ನೀನು ಮರೆತುಹೋದ ಟವೆಲ್ಲನ್ನು ಒಗೆದು ಮಡಿಸಿ, ಅಂದಿನಿಂದ ತಲೆಗೆ ಅದನ್ನೇ ಸುತ್ತಿಕೊಂಡಳು. ನಮಗೆ ಮಕ್ಕಳಿಲ್ಲ, ಅವಳಿಗೆ ತಮ್ಮನೂ ಮಗನೂ ನೀನೇ ಎಂಬುದನ್ನು ನಾನು ಬರೆದು ತಿಳಿಸಬೇಕೆ?

ಮಳೆ ಹಿಡಿದಂದಿನಿಂದ ಅವಳ ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ಬೆಚ್ಚಗೆ ಇಡಿ, ಮಲಗಿಸಬೇಡಿ, ಒರಗಿಸಿ ಕೂರಿಸಿ ಎಂದರು. ಒರಗಿಸಲು ಟಾರ್ಪಾಲಿಗೆ ಗೋಡೆಯೆಲ್ಲಿದೆ? ನಾನೇ ಬೆನ್ನು ಕೊಟ್ಟು ಕುಳಿತೆ. ಹಳೆಯ ಮನೆಯಲ್ಲಿ ಜಗಲಿ ಹತ್ತದೆ ಅಂಗಳದಲ್ಲೇ ನಿಲ್ಲುತ್ತಿದ್ದ ಚಿಕ್ಕಮಾದಮ್ಮ ಈಗ ಪಕ್ಕದ ಟೆಂಟಿನವಳು. ನನ್ನ ಅವಸ್ಥೆ ಕಂಡು, "ನನ್ ಬೆನ್ನೂ ಬೆನ್ನೇ ಅಲ್ವಾ ಬುದ್ಧಿ? ಜರುಗಿ ಅತ್ಲಾಗೆ" ಎಂದು ಬಂದು ಕುಳಿತಳು. ನಿನ್ನಕ್ಕ ಕಣ್ಣು ಮುಚ್ಚಿಕೊಂಡೇ, "ನಿಮ್ದು ಬರೀ ಮೂಳೆ ಕಣ್ರೀ, ಇವಳದೇ ಮೆತ್ತಗದೆ" ಎಂದಳು. ನನ್ನ ಮಡಿಯೆಲ್ಲ ಆ ಮಾತಿನಲ್ಲಿ ಕೊಚ್ಚಿಹೋಯಿತು.

ಎಣಿಸುವವರು ಇಂದಿಗೂ ಬರಲಿಲ್ಲ. ಬೇರೆ ಯಾರೋ ನಿನ್ನೆ ಬಂದು, ನಾಳೆಯೊಳಗೆ ಟೆಂಟುಗಳನ್ನು ಎತ್ತಬೇಕೆಂದು ಹೇಳಿ ಹೋದರು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಮುಂದಿನ ಟೆಂಟಿಗೆ ನಡೆದಿದ್ದರು. ಇಲ್ಲಿನ ರುದ್ರಭೂಮಿಯಲ್ಲಿ ನಮಗೆ ಸ್ಥಳವುಂಟೇ ಎಂದು ವಿಚಾರಿಸಿದೆ. ಮೇಲ್ವಿಚಾರಕನು ಮನೆ ನಂಬರು ಕೇಳಿದನು. ನಂಬರು ಬರೆದಿದ್ದ ಬಾಗಿಲೇ ಮಣ್ಣಾದ ಮೇಲೆ ಏನು ಹೇಳಲಿ? ಶಿವನು ಸ್ಮಶಾನವಾಸಿಯೆಂದು ನಂಬಿದವನಿಗೆ ಸ್ಮಶಾನದಲ್ಲೂ ವಿಳಾಸ ಬೇಕಾಗುವುದೆಂದು ತಿಳಿದಿರಲಿಲ್ಲ.

ನಿನ್ನೆ ಸಂಜೆ ಅವಳೇ ಹೇಳಿದಳು: "ಮಲ್ಲು ಬಂದ್ರೆ ಈ ಸಲ ಓಗ್ಬುಡನ ಕಣ್ರೀ. ಅವ್ವನ ಪಕ್ಕ ಜಾಗ ಅದೆ." ನೀನು ಬರುವೆಯೆಂದು ನಾನು ಮಾತು ಕೊಟ್ಟಿದ್ದೇನೆ. ನಿನ್ನನ್ನು ಕೇಳದೆ ಕೊಟ್ಟ ಮಾತು ಅದು. ಅದನ್ನು ಉಳಿಸುವವನು ನೀನೊಬ್ಬನೇ. ಇದನ್ನು ಬರೆಯುವಾಗಲೂ ನಿನ್ನಕ್ಕ ನನ್ನ ಬೆನ್ನಿಗೆ ಬೆನ್ನಿಟ್ಟು ಕುಳಿತಿದ್ದಾಳೆ. ಅಲುಗಬಾರದೆಂದು ಮಂಡಿಯ ಮೇಲೆ ಕಾಗದವಿಟ್ಟು ಬರೆದುದರಿಂದ ಅಕ್ಷರಗಳು ಓರೆಯಾಗಿವೆ, ಮನ್ನಿಸು.

ಇಂತಿ, ನಿನ್ನ ಗಾಡಿಯ ಸದ್ದಿಗೆ ಕಿವಿಯೊಡ್ಡಿರುವ
ಚಿಕ್ಕಬಸವಯ್ಯ

ತಾ.ಕ.: ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಉಳಿದುದನ್ನು ನೀನು ಓದುತ್ತಿರಲಿಲ್ಲ, ಅವಳು ನಿನ್ನ ಮೇಲೆ ಮುನಿದಿರಲಿಲ್ಲವೆಂಬುದೂ ನಿನಗೆ ತಿಳಿಯುತ್ತಿರಲಿಲ್ಲ. ನಿನ್ನಕ್ಕ ಬೆಳಗಿನ ಜಾವ ಲಿಂಗೈಕ್ಯಳಾದಳು. ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿರಿಸಿ, ನಮ್ಮ ಕ್ರಮದಂತೆ ಕೂರಿಸಿದ್ದೇವೆ. ತಲೆ ವಾಲದಂತೆ ನಿನ್ನ ಟವೆಲ್ಲಿನಲ್ಲೇ ಕಟ್ಟಿದೆ. ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುವವರು ನಾವು, ಇಲ್ಲಿ ಗೋಡೆಯಿಲ್ಲ. ಅವಳ ಬೆನ್ನು ತಣ್ಣಗಾಗಿದೆ. ಚಿಕ್ಕಮಾದಮ್ಮ, "ಏಳಿ ಬುದ್ಧಿ, ಈಗ ನನ್ ಸರದಿ" ಎನ್ನುತ್ತಿದ್ದಾಳೆ. ಬೇಗ ಬಾ. ನಮ್ಮಿಬ್ಬರ ಬೆನ್ನೂ ಸೋಲುತ್ತಿದೆ.