ಮೇಣದ ಮೋರೆಯ ಮಾತು

ರೋಮ್, ಸುಬೂರ ಕೇರಿ
ನವೆಂಬರ್ ತಿಂಗಳ ನಡುವಿನ ಐಡ್ಸ್ ದಿನಕ್ಕೆ ಮೂರು ದಿನ ಮುಂಚೆ

ಕಿವಿ ಹಿಂಡಿಯೇ ನನ್ನನ್ನು ಬೆಳೆಸಿದ ಥಲ್ಲೂಸಕ್ಕನಿಗೆ, ಹಿಂಡಿದ ಕಿವಿ ಇನ್ನೂ ಕೆಂಪಗಿರುವ ತಮ್ಮನ ವಂದನೆಗಳು.

ಮೊದಲಿಗೆ ಒಂದು ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ದೇವತೆಗಳು ಸಾಕ್ಷಿ, ನೀನೇ ನ್ಯಾಯಾಧೀಶೆ. ನಾನು ಚಕ್ರವರ್ತಿಯ ಕೆಮ್ಮನ್ನು ಕದ್ದಿದ್ದೇನೆ. ಒಂದೇ ಏಟಿಗಲ್ಲ, ವರ್ಷಗಟ್ಟಲೆ, ಚೂರು ಚೂರಾಗಿ. ಆಟದ ಕಣದಲ್ಲಿ ಜನರೆಲ್ಲ ಖಡ್ಗಮಲ್ಲರ ಕುತ್ತಿಗೆ ನೋಡುತ್ತಿದ್ದರೆ, ನಾನು ಮೇಲಿನ ಪೀಠದಲ್ಲಿದ್ದ ದೊರೆಯ ಕುತ್ತಿಗೆ ನೋಡುತ್ತಿದ್ದೆ. ಮನೆಗೆ ಬಂದು ಗೋಡೆಯೆದುರು ಕೆಮ್ಮುತ್ತಿದ್ದೆ. ಪಳಗಿದ ಮೇಲೆ ಆ ಕೆಮ್ಮನ್ನೂ ದನಿಯನ್ನೂ ಹೆಂಡದಂಗಡಿಯಲ್ಲಿ ಪ್ರದರ್ಶನಕ್ಕಿಟ್ಟೆ. ಬದುಕಿರುವ ದೊರೆಯನ್ನು ಅಣಕಿಸಿದರೆ ತಲೆ ಹೋಗುತ್ತದೆ ಎಂಬುದು ಗೊತ್ತಿದ್ದೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಯಾರು ಹೇಳು? ಅದೇ ದೊರೆಯ ಮೈಗಾವಲಿನ ದಳಪತಿ, ನಿನ್ನ ಗಂಡ, ನಮ್ಮ ಭಾವ ವಟೀನಿಯಸ್. "ಹಂಗಲ್ಲ ಕಣೋ ಭಾಮೈದ, ಕೆಮ್ಮೋಕ್ ಮುಂಚೆ ಎಡಗಣ್ಣು ಮುಚ್ತಾರೆ" ಎಂದು ತಿದ್ದಿದವನೂ ಅವನೇ. ಆದ್ದರಿಂದ ಕದ್ದ ಮಾಲಿನಲ್ಲಿ ನಿನ್ನ ಮನೆಗೂ ಪಾಲಿದೆ.

ನೀನು ಕಳಿಸಿದ ಮೀನಿನ ಸಾರದ ಜಾಡಿ ಬಂತು. ಓಲೆಯೂ ಬಂತು. ನಾನು ಭಾವನ ಪ್ರಾಣ ಉಳಿಸಿದೆನೆಂದು ಪುತಿಯೋಲಿಯ ಬಂದರಿನಲ್ಲೆಲ್ಲ ಡಂಗುರ ಹೊಡೆಸಿದ್ದೀಯಂತೆ. ನಡೆದದ್ದನ್ನು ಕೇಳಿದರೆ ಭಾವ ಅಳುತ್ತಾನೆಯೇ ಹೊರತು ಹೇಳುವುದಿಲ್ಲ ಎಂದಿದ್ದೀಯ. ಅಳುವವನಿಗಿಂತ ನಗಿಸುವವನೇ ಹೇಳುವುದು ಮೇಲು. ಕೇಳು.

ದೊರೆಯ ಹೆಸರನ್ನು ಬರೆಯುವುದಿಲ್ಲ. ಈ ಊರಿನಲ್ಲಿ ಹೆಸರು ಬರೆದ ಕೈಗಳಿಗೆ ಆಯುಸ್ಸು ಕಡಿಮೆ. ಸೆಪ್ಟೆಂಬರಿನಲ್ಲಿ ಒಂದು ಬಟ್ಟಲು ಬಿಸಿ ದ್ರಾಕ್ಷಾರಸ ಕುಡಿದು ಮಲಗಿದವರು ಏಳಲಿಲ್ಲ. ಅಳಿದದ್ದು ಮಾವ, ಉಳಿದದ್ದು ಅಳಿಯ; ಪಟ್ಟವೂ ಅವನದೇ. ಬಟ್ಟಲನ್ನು ಕೊಟ್ಟವರು ಯಾರು ಎಂಬ ಪಿಸುಮಾತು ಊರೆಲ್ಲ ಹರಿದಾಡಿತು. ಅದು ಸೋದರಳಿಯನ ಮನೆಬಾಗಿಲಲ್ಲೇ ಬಂದು ನಿಲ್ಲುತ್ತಿತ್ತು.

ಆಗ ನನ್ನ ಕೋಣೆಗೆ ಬಂದವನು ಆ ಅಳಿಯನ ಆಪ್ತ ಫಿಲೆರೋಸ್. ನನ್ನ ಮುರುಕು ಮಂಚದ ಮೇಲೆ ಕುಳಿತು, "ಹೆದರ್ಕೋಬೇಡಪ್ಪಾ ಲುಕ್ರಿಯೋ. ದೊಡ್ಡೋರ ಹೆಣದ ಮುಂದೆ ಅವರ ಮೇಣದ ಮೋರೆ ಹಾಕ್ಕೊಂಡು ಅವರ ಥರ ಒಬ್ಬ ನಡೀಬೇಕಲ್ಲ, ಅದು ನೀನೇ. ಹೆಂಡದಂಗಡೀಲಿ ಮಾಡೋದನ್ನ ಚೌಕದಲ್ಲಿ ಮಾಡು. ಈ ಸಲದ್ದು ಸರ್ಕಾರಿ ಕೆಮ್ಮು" ಎಂದ.

"ಕೂಲಿ ಏನ್ ಸ್ವಾಮಿ?" ಎಂದೆ.

"ನಿನ್ನ ತಲೆ. ಈಗಾಗ್ಲೇ ನಿನ್ನ ಹತ್ರಾನೇ ಐತಲ್ಲ, ಮುಂಗಡ ಅಂದ್ಕೋ."

ನಕ್ಕೆ. ಅವನು ನಗಲಿಲ್ಲ. ಚೌಕದ ಭಾಷಣದ ಕಟ್ಟೆ ಹತ್ತಿ, ಮೈಗಾವಲಿನವರ ಕಡೆ ತಿರುಗಿ, ಸತ್ತವರ ದನಿಯಲ್ಲಿ ನಾನೊಂದು ಮಾತು ಹೇಳಬೇಕಿತ್ತು: ವಟೀನಿಯಸ್, ಆ ಬಟ್ಟಲು ಕೊಟ್ಟವನು ನೀನೇ.

ಲೆಕ್ಕಾಚಾರ ಸರಳವಾಗಿತ್ತು ಅಕ್ಕ. ಕತ್ತಿ ಹಿಡಿದವರು ಯಾರ ಮಾತು ಕೇಳುತ್ತಾರೋ ಅವನೇ ಇಲ್ಲಿ ದೊರೆ. ಕತ್ತಿ ಹಿಡಿದವರು ನಿನ್ನ ಗಂಡನ ಮಾತು ಕೇಳುತ್ತಿದ್ದರು. ಅವನನ್ನು ಹಾಗೇ ಹಿಡಿದರೆ ದಂಗೆ. ಸತ್ತ ಒಡೆಯನೇ ಬೆರಳು ತೋರಿಸಿದರೆ, ಅವನ ಹುಡುಗರೇ ಅವನನ್ನು ಎಳೆದು ತಂದು ಒಪ್ಪಿಸುತ್ತಾರೆ.

"ಅವರು ನಮ್ಮ ಭಾವ..." ಎಂದೆ.

"ಗೊತ್ತು. ಅದಕ್ಕೇ ನಿನ್ನ ಹತ್ರ ಬಂದಿದ್ದು. ಬೇರೆಯೋರಾದ್ರೆ ಗಾಬರೀಲಿ ಹೆಸರು ಮರ್ತುಬಿಡ್ತಾರೆ" ಎಂದು ಹೊರಟುಹೋದ.

ಆ ಹೆಸರು ಈ ಬಾಯಿಂದ ಹೊರಡುವುದಿಲ್ಲ ಎಂದು ನಾನು ನಿರ್ಧರಿಸಿದ್ದು ಆಗಲೇ. ಇದನ್ನು ಬಂದರಿನಲ್ಲಿ ಹೇಳುವಾಗ ಸ್ವಲ್ಪ ಎತ್ತರದ ದನಿಯಲ್ಲಿ ಹೇಳು.

ಶವಯಾತ್ರೆಯ ದಿನ ನನಗೆ ಮೋರೆ ಕಟ್ಟಿದರು. ಒಳಗೆ ತಣ್ಣಗಿತ್ತು, ಜೇನಿನ ವಾಸನೆ. ಅಚ್ಚು ತೆಗೆಯುವಾಗ ದೊರೆಯ ಒಂದೆರಡು ರೆಪ್ಪೆಗೂದಲು ಅಂಟಿ ಬಂದು ಮೇಣದಲ್ಲೇ ಉಳಿದಿದ್ದವು. ಕಣ್ಣು ಮಿಟುಕಿಸಿದಾಗಲೆಲ್ಲ ಅವು ನನ್ನ ರೆಪ್ಪೆಗೆ ತಾಗುತ್ತಿದ್ದವು. ಹಿಂದೆ ಚಟ್ಟ, ಮುಂದೆ ನಾನು. ಮೊದಮೊದಲು ಕೆಮ್ಮಿದೆ, ಮೊಣಕಾಲು ತಿಕ್ಕಿದೆ, ಹೆಣಕ್ಕೆ ಇಷ್ಟೊಂದು ಖರ್ಚು ಯಾಕೆಂದು ಗದರಿದೆ. ಜನ ಅಳುತ್ತಲೇ ನಕ್ಕರು. ಆಮೇಲೆ ಏನಾಯಿತೋ, ನಗು ಒಂದೊಂದಾಗಿ ಆರಿತು. ಸೆನೆಟಿನ ಮುದುಕರೊಬ್ಬರು ಕುಳಿತಲ್ಲಿಂದ ಎದ್ದು ತಲೆಬಾಗಿದರು. ಒಬ್ಬ ಮುದುಕಿ ಸಾಲು ಸೀಳಿಕೊಂಡು ಬಂದು ನನ್ನ ಉಡುಪಿನ ಅಂಚು ಹಿಡಿದಳು.

"ನನ್ ಮಗ ಎಲ್ಲಿ ಸ್ವಾಮೀ? ನೀವೇ ಹೇಳಿ ಕಳ್ಸಿದ್ರಿ, ಬಂದ. ಮನೆಗ್ ಬರ್ಲೇ ಇಲ್ಲ."

ಅಕ್ಕ, ನಾನು ದೊರೆಯ ಹಾಗೇ ಕೆಮ್ಮಿದೆ. ಆಕೆ ಕೈಬಿಟ್ಟಳು. "ಊಟಕ್ಕೆ ಉಪ್ಪು ಕಡಿಮೆ" ಎನ್ನುವುದನ್ನೂ "ಇವನನ್ನು ಕರೆದುಕೊಂಡು ಹೋಗಿ" ಎನ್ನುವುದನ್ನೂ ದೊರೆ ಒಂದೇ ದನಿಯಲ್ಲಿ ಹೇಳುತ್ತಿದ್ದರೆಂದು ಭಾವ ಹಿಂದೊಮ್ಮೆ ಹೇಳಿದ್ದ. ಆ ದನಿಯನ್ನೇ ನಾನು ಒಂದು ಲೋಟ ಹೆಂಡಕ್ಕೆ ಮಾರುತ್ತಿದ್ದೆ.

ಕಟ್ಟೆ ಹತ್ತಿದೆ. ಚಟ್ಟವನ್ನು ನನ್ನ ಬೆನ್ನ ಹಿಂದೆ ಇಳಿಸಿದರು. ಎದುರಿಗೆ ಮೈಗಾವಲಿನ ಸಾಲು, ಮುಂದೆ ಭಾವ, ಗಲ್ಲದ ಮೇಲೆ ನೀರು. ಪಕ್ಕದಲ್ಲಿ ಆಸನದ ಮೇಲೆ ಅಳಿಯ. ಫಿಲೆರೋಸ್ ಬೆರಳೆತ್ತಿದ.

"ನಿಲ್ಲಿ" ಎಂಬ ಮಾತು ಹೊರಟಿತು. ಜೋರಾಗಿ ಅಲ್ಲ. ಉಪ್ಪು ಕೇಳುವ ದನಿಯಲ್ಲಿ. "ವಟೀನಿಯಸ್ ನನ್ನೋನು. ಅವನ ಮೈ ಮುಟ್ಟಿದೋರ ಜೊತೆಗೆ ನಾನು ಊಟಕ್ಕೆ ಕೂತ್ಕೋತೀನಿ. ದಿನಾಲೂ."

ಇಡೀ ದಂಡಿನ ಹಿಮ್ಮಡಿಗಳು ಒಟ್ಟಿಗೆ ಕೂಡಿದ ಸದ್ದು ಚೌಕದ ಗೋಡೆಗಳಿಗೆ ಬಡಿಯಿತು. ಕಹಳೆಯವನು ಊದುವುದನ್ನು ಬಿಟ್ಟ. ಅಳಿಯ ಆಸನದಿಂದ ತಾನಾಗಿ ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ಗೊತ್ತಿರಲಿಲ್ಲ. ತಾನು ಮಾವನ ಇಚ್ಛೆಯಿಂದಲೇ ಪಟ್ಟಕ್ಕೆ ಬಂದವನೆಂದು ಸಾರಿದವನು, ಎಲ್ಲರೂ ಕೇಳಿದ ಮಾವನ ಮಾತನ್ನು ಸುಳ್ಳೆನ್ನುವುದು ಹೇಗೆ? ಮಾರನೆಯ ದಿನ ಭಾವನಿಗೆ ಗೌರವದ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದರು. ನನ್ನನ್ನೂ ಯಾರೂ ಮುಟ್ಟಲಿಲ್ಲ. ಫಿಲೆರೋಸ್ ನನ್ನನ್ನು ಕಂಡರೆ ಬೀದಿಯ ಆಚೆ ಬದಿಗೆ ಹೋಗುತ್ತಾನೆ. ಹೀಗೆ ನಿನ್ನ ತಮ್ಮ ಒಂದು ಗಳಿಗೆಯ ಮಟ್ಟಿಗೆ ರೋಮನ್ನು ಆಳಿದ. ಕಿರೀಟವಿಲ್ಲದೆ, ಬರೀ ಕೊರಳಿನಿಂದ. ಈ ವಾಕ್ಯವನ್ನು ಎರಡು ಸಲ ಓದಿ ಹೇಳು.

ಸ್ಯಾಟರ್ನೇಲಿಯಾ ಹಬ್ಬಕ್ಕೆ ಬಾ ಎಂದಿದ್ದೀಯ. ಮಕ್ಕಳೆದುರು ದೊರೆಯ ದನಿ ಮಾಡಿ ತೋರಿಸಬೇಕೆಂದೂ ಬರೆದಿದ್ದೀಯ. ಬರಲಾರೆ. ಆ ದನಿ ನನಗೀಗ ಬರುವುದಿಲ್ಲ. ಹೆಂಡದಂಗಡಿಯವರು ಗೋಗರೆದರು, ಬಾಯಿ ತೆರೆದರೆ ನನ್ನದೇ ಕೀರಲು ದನಿ. ಸತ್ತವರಿಗೆ ಗೌರವ ಕೊಟ್ಟು ಬಿಟ್ಟಿದ್ದೇನೆ ಎಂದು ಸಬೂಬು ಹೇಳಿದೆ.

ಇನ್ನೊಂದು ಕಾರಣವೂ ಇದೆ. ನಿನ್ನೆ ಮಧ್ಯಾಹ್ನ ಮೂಲೆಯ ಊಟದಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕಡಲೆ ಗಂಜಿ ಕುಡಿಯುತ್ತಿದ್ದೆ. ಬೆನ್ನ ಹಿಂದೆ ಮೆಲ್ಲಗೆ, "ಉಪ್ಪು ಕಡಿಮೆ" ಎಂದಂತಾಯಿತು. ತಿರುಗಿದೆ. ಗೋಡೆ. ಭ್ರಮೆಯೆಂದು ನಗಲು ಹೊರಟವನ ಮುಂದೆ ಅಂಗಡಿಯಾಕೆ ಉಪ್ಪಿನ ಬಟ್ಟಲು ತಂದಿಟ್ಟಳು. ಇಟ್ಟವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ನಾನ್ ಕೇಳ್ಲಿಲ್ವಲ್ಲಮ್ಮಾ" ಎಂದೆ.

"ಈಗ್ಲೇ ಕೇಳಿದ್ರಲ್ಲ! ಆಟ ಆಡ್ಬೇಡಿ ಸ್ವಾಮಿ, ಮಕ್ಕಳೊಂದಿಗಳು ನಾನು" ಎಂದಳು.

ನಿನ್ನ ಮನೆಯಲ್ಲಿ ಊಟಕ್ಕೆ ಕೂರಲು ನನಗೆ ಭಯ, ಅಕ್ಕ. ಭಾವನಿಗೆ ನನ್ನ ನಮಸ್ಕಾರ ಹೇಳು. ಮೀನಿನ ಸಾರ ಚೆನ್ನಾಗಿದೆ.

ನಿನ್ನ ಪ್ರೀತಿಯ ತಮ್ಮ,
ಕೆಮ್ಮುಗಳ್ಳ ಲುಕ್ರಿಯೋ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಭಾವನಿಗೆ ಓದಿ ಹೇಳುವಾಗ ಇದನ್ನು ಬಿಟ್ಟುಬಿಡು. ಫಿಲೆರೋಸ್ ಬೆರಳೆತ್ತಿದಾಗ ನಾನು ಬಾಯಿ ತೆರೆದದ್ದು ಭಾವನನ್ನು ತೋರಿಸಿಕೊಡುವುದಕ್ಕೇ. ನನಗೆ ತಲೆ ಬೇಕಿತ್ತು. ಹೇಳಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ "ನಿಲ್ಲಿ" ಎಂದದ್ದು ನನ್ನ ಬೆನ್ನ ಹಿಂದಿನಿಂದ, ಚಟ್ಟದ ಕಡೆಯಿಂದ. ಎಲ್ಲರೂ ಮೋರೆಯನ್ನೇ ನೋಡುತ್ತಿದ್ದರು, ಆದ್ದರಿಂದ ನನ್ನದೆಂದುಕೊಂಡರು. ಮೈಗಾವಲಿನವರಿಗಿಂತ ಮೊದಲು ಹಿಮ್ಮಡಿ ಕೂಡಿಸಿ, ಉಟ್ಟ ಬಟ್ಟೆ ಒದ್ದೆ ಮಾಡಿಕೊಂಡು, ನೆಟ್ಟಗೆ ನಿಂತುಬಿಟ್ಟವನು ನಾನು.