ಮುಬೀನಾಳ ವಕೀಲರು

ಮಸೂತಿ,
ಗುರುವಾರ

ಪ್ರೀತಿಯ ಮುಬೀನಾ,

ನನ್ನ ಮೇಲೆ ಸಿಟ್ಟಾಗುವ ಮೊದಲು ಇದನ್ನು ಪೂರ್ತಿ ಓದು. ಆ ಕಂಪ್ಯೂಟರ್ ಕ್ಲಾಸಿನವನು "ಕುಂಟೋರಿಗೆ ಇಲ್ಲಿ ಸೀಟ ಇಲ್ಲ" ಎಂದು ನಮ್ಮಿಬ್ಬರನ್ನೂ ಬಾಗಿಲಿನಿಂದಲೇ ಕಳಿಸಿದ. ನಾವಿಬ್ಬರೂ ಒಂದೇ ದಿನ ಬಾಗೇವಾಡಿಗೆ ಹೋಗಿ, ದಾವೆ ಹೂಡಲು ಉಚಿತ ವಕೀಲರು ಬೇಕೆಂದು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟೆವು. ನಿನಗೆ ಸಿಕ್ಕ ವಕೀಲ ಮೇಡಂ ಕೊಲ್ಹಾರದ ನಿಮ್ಮ ಮನೆಗೇ ಬಂದು, ಚಹಾ ಕುಡಿದು, ಮಧ್ಯಾಹ್ನವೆಲ್ಲ ನಿನ್ನ ಮಾತು ಕೇಳಿದರು. ನನಗೆ ಸಿಕ್ಕ ವಕೀಲರು ಭೇಟಿಯಾದ ಎರಡು ಸಲವೂ ನನ್ನನ್ನು ವಿದ್ಯಾವತಿ ಎಂದು ಕರೆದರು.

ಅದಕ್ಕೇ ನಿನಗೆ ಹೇಳದೆ ಇನ್ನೊಂದು ಅರ್ಜಿ ಬರೆದೆ. ಮುಬೀನಾಳಿಗೆ ಧೈರ್ಯವಾಗಿ ಮಾತಾಡಲು ಬರುತ್ತದೆ, ಅವಳಿಗೆ ಯಾವ ವಕೀಲರಾದರೂ ನಡೆಯುತ್ತದೆ, ಮೇಡಂ ಅವರನ್ನು ನನಗೆ ಕೊಡಿ ಎಂದು. ಸಮಿತಿಯ ಗುಮಾಸ್ತರು ಅದನ್ನು ಓದಿ ನನ್ನ ಮುಖ ನೋಡಿದರು.

"ಅಕ್ಕಾರ, ನಿಮಗ ವಕೀಲರು ಬೇಕೋ, ಆಕಿ ವಕೀಲರು ಬೇಕೋ?"

"ಆಕಿ ವಕೀಲರೇ ಬೇಕ್ರಿ," ಎಂದುಬಿಟ್ಟೆ.

ಇಂದು ಆದೇಶ ಬಂತು. ಮೇಡಂ ನಿನ್ನನ್ನು ಬಿಡುವುದಿಲ್ಲ, ನನ್ನ ಪ್ರಕರಣವನ್ನೂ ಅವರೇ ನಡೆಸುತ್ತಾರೆ. ಆದರೆ ಅವರು ಫೋನಿನಲ್ಲಿ, "ಮುಬೀನಾ ಎಲ್ಲಾ ಹೇಳ್ಯಾರ, ನಿಮ್ದೂ ನನಗ ಗೊತ್ತೈತಿ" ಎಂದಾಗ ನನ್ನ ಹೊಟ್ಟೆ ಮತ್ತೆ ಉರಿಯಿತು.

ಮಂಗಳವಾರ ಇಬ್ಬರನ್ನೂ ಕರೆದಿದ್ದಾರೆ. ನೀನು ದಯವಿಟ್ಟು ಒಂದು ತಾಸು ತಡವಾಗಿ ಬಾ. ಅಂದು ನೀನು ಆ ಕ್ಲಾಸಿನವನ ಜೊತೆ ಜಗಳಾಡುತ್ತಿದ್ದಾಗ ನಾನು ನಿನ್ನ ಬೆನ್ನ ಹಿಂದೆ ನಿಂತು ಅತ್ತಿದ್ದೆ. ಅದು ನಿನಗೆ ಗೊತ್ತಿರಲಿಲ್ಲ. ಮೇಡಂಗೆ ಅದನ್ನು ನಾನೇ ಹೇಳಬೇಕು.

ನಿನ್ನ
ಭಾಗ್ಯಜ್ಯೋತಿ